ಪೆನಿಯ ಉಗುರಿನ ಹೂಗಳು

ನಮ್ಮ ದ್ವೀಪದ ಕೊಲೊಂಗಾ ಊರಿನ ಹೆಂಗಸರಲ್ಲಿ ಪೆನಿಯ ಮಡಿಲಿಗೆ ಕೈ ಚಾಚದವರು ಇಲ್ಲವೆಂದೇ ಹೇಳಬೇಕು. ಭಾನುವಾರ ನಮ್ಮಲ್ಲಿ ಯಾರೂ ಕೆಲಸ ಮುಟ್ಟುವ ಹಾಗಿಲ್ಲ, ಚರ್ಚಿಗೆ ಹೋಗುವ ಉಗುರು ಹಿಂದಿನ ದಿನವೇ ಅರಳಿರಬೇಕು. ಹಾಗಾಗಿ ಶನಿವಾರ ಬಂತೆಂದರೆ ಅವಳ ಜಗಲಿಯಲ್ಲಿ ಕಾಲಿಡಲು ಜಾಗವಿಲ್ಲ. ಚಾಪೆಯ ಮೇಲೆ ಕಾಲು ಮಡಚಿ ಕೂತು, ಮಡಿಲಲ್ಲಿ ದಿಂಬಿಟ್ಟುಕೊಂಡು, ಎದುರಿನವಳ ಬೆರಳನ್ನು ಒಂದೊಂದಾಗಿ ಬಿಡಿಸುತ್ತಾಳೆ. ಗುಂಡುಪಿನ್ನಿನ ತಲೆಯಿಂದ ಉಗುರುಬಣ್ಣದ ಐದು ಚುಕ್ಕೆ, ಒಣಗುವ ಮೊದಲೇ ಮೊನೆಯಿಂದ ಒಳಕ್ಕೆ ಒಂದೊಂದು ಎಳೆತ, ಅಷ್ಟಕ್ಕೇ ದೇವಕಣಗಿಲೆ ಅರಳುತ್ತದೆ. ನಡುವೆ ಹಳದಿ ಇಡುವಾಗ ಅವಳು ಉಸಿರು ಬಿಗಿಹಿಡಿಯುತ್ತಾಳೆ, ಕೈ ಕೊಟ್ಟವಳೂ ಹಿಡಿಯಬೇಕು. ಪಕ್ಕದ ಮನೆಯ ಫುಸಿಗೆ ಮಾತು ನಿಲ್ಲಿಸುವುದು ಆಗದ ಕೆಲಸ. ಅದಕ್ಕೇ ಫುಸಿಯ ಹೂವುಗಳೆಲ್ಲ ಸ್ವಲ್ಪ ಸೊಟ್ಟ.

ಪೆನಿ ಹುಟ್ಟಿದ್ದು ಗಂಡಾಗಿ, ಬಾಳುತ್ತಿರುವುದು ಹೆಣ್ಣಾಗಿ. ಊರಿಗೆ ಇದು ಹೊಸದೇನಲ್ಲ. ನಮ್ಮಲ್ಲಿ ಅಂಥವರಿಗೆ ಲೇಯ್ತಿ ಎಂಬ ಹೆಸರೇ ಇದೆ. ನಗುವವರು ನಗುತ್ತಾರೆ, ನಕ್ಕವರೇ ಶನಿವಾರ ಕೈ ಚಾಚಿಕೊಂಡು ಬರುತ್ತಾರೆ. ಅಪ್ಪ ಹೊಡೆಯುತ್ತಿದ್ದ, ಅವನು ಸತ್ತ ಮೇಲೆ ಅದೂ ಮುಗಿಯಿತು. ಅವಳಿಗೆ ಉಳಿದದ್ದು ಒಂದೇ ಆಸೆ. ಅಕ್ಕ ಅಕನೇಸಿ ಒಂದು ಸಲ, ಒಂದೇ ಸಲ, ಎದುರು ಕೂತು ಕೈ ಕೊಡಬೇಕು.

ಆದರೆ ಅಕ್ಕತಮ್ಮಂದಿರು ನಮ್ಮಲ್ಲಿ ಹಾಗೆ ಕೂರುವುದಿಲ್ಲ. ಹುಡುಗನ ದನಿ ಒಡೆಯುವ ಹೊತ್ತಿಗೆ ಅವನ ಹಾಸಿಗೆ ಹೊರಗಿನ ಗುಡಿಸಲು ಸೇರುತ್ತದೆ. ಅಕ್ಕನಿರುವ ಕೋಣೆಗೆ ತಮ್ಮ ಬಂದರೆ ಇಬ್ಬರಲ್ಲಿ ಒಬ್ಬರು ಎದ್ದು ಹೋಗಬೇಕು. ಮುಖ ನೋಡಿ ಮಾತಿಲ್ಲ, ಮುಟ್ಟುವುದಂತೂ ದೂರವೇ ಉಳಿಯಿತು. ಇದು ಮುನಿಸಲ್ಲ, ಮರ್ಯಾದೆ. ಪೆನಿ ಕೂದಲು ಬೆಳೆಸಿ ಹೂ ಮುಡಿದ ಮೇಲೂ ಅಕನೇಸಿ ಆ ಮರ್ಯಾದೆಯಲ್ಲಿ ಎಳ್ಳಷ್ಟೂ ಕಡಿಮೆ ಮಾಡಲಿಲ್ಲ. ದಾರಿಯಲ್ಲಿ ಎದುರಾದರೆ ತಲೆ ತಗ್ಗಿಸಿ ಪಕ್ಕಕ್ಕೆ ಸರಿಯುವಳು. ಚರ್ಚಿನ ಹಾಡಿನ ಸಾಲಿನಲ್ಲಿ ಎದುರುಬದುರು ಕೂತಾಗಲೂ ಅವಳ ಕಣ್ಣು ಪೆನಿಯ ಕೈಯಲ್ಲಿನ ಪುಸ್ತಕಕ್ಕಿಂತ ಮೇಲೆ ಏರುತ್ತಿರಲಿಲ್ಲ. ಪೆನಿಗೆ ಚುಚ್ಚುತ್ತಿದ್ದದ್ದು ಇದೇ. ತಂಗಿ ಅಂದುಕೊಂಡಿದ್ದರೆ ಹೀಗೆ ಸರಿಯುತ್ತಿದ್ದಳೇ?

"ನಿಮ್ಮಕ್ಕನ ಕೈಯೇನು ಚಿನ್ನದ್ದೇನೇ? ಎರಡು ಮನೆ ಆಚೆ ಇದಾಳೆ, ಒಂದಿನಾನೂ ಬರಲ್ವಲ್ಲ," ಎಂದು ಫುಸಿ ಕೆಣಕುತ್ತಿದ್ದಳು.

"ನೀನು ಬಾಯಿ ಮುಚ್ಚು, ಎಸಳು ಅಲ್ಲಾಡ್ತು ನೋಡು."

"ನನ್ನ ಬಾಯಿಗೂ ನಿನ್ನ ಎಸಳಿಗೂ ಏನೇ ಸಂಬಂಧ?"

"ಸಂಬಂಧ ಇಲ್ದೇನೇ ನಿನ್ನ ಹೂವು ಹತ್ತು ವರ್ಷದಿಂದ ಸೊಟ್ಟ ಆಗ್ತಿದೆಯಾ?"

ಜಗಲಿಯೆಲ್ಲ ನಕ್ಕಿತು. ಪೆನಿಯೂ ನಕ್ಕಳು, ಆದರೆ ಮೇಲೆ ನೋಡಲಿಲ್ಲ.

ಆ ವರ್ಷ ಅಕನೇಸಿಯ ಮಗಳು ಸೇಲಾಳ ಮದುವೆ ಗೊತ್ತಾಯಿತು. ಮದುವೆಗೆ ಮುಂಚಿನ ಸಂಜೆ ಸೇಲಾ ಬಂದು ಪೆನಿಯ ಮುಂದೆ ಕೂತಳು. ಪೆನಿ ಅವಳ ಹತ್ತೂ ಉಗುರಿಗೆ ಕೆಂಪು ಹೇಯ್ಲಾಲಾ ಹೂವಿನ ಗೊಂಚಲು ಬರೆದಳು. ಕೊನೆಯ ಬೆರಳು ಮುಗಿಸಿ, ಕೈ ಬಿಡದೆ ಕೇಳಿದಳು.

"ನಿಮ್ಮಮ್ಮಂಗೂ ಇದೇ ಬರೀತೀನಿ. ಮನೆಗೇ ಬರ್ತೀನಿ ಬೇಕಾದ್ರೆ. ಕೇಳಿ ನೋಡೇ."

ಸೇಲಾ ಒದ್ದೆ ಉಗುರನ್ನು ಗಾಳಿಗೆ ಹಿಡಿದುಕೊಂಡು ಹೋಗಿ, ಹಾಗೆಯೇ ಹಿಂದಿರುಗಿದಳು.

"ಮಾವ, ಅಮ್ಮ ಹೇಳಿದ್ಲು... ನಂಗಿರೋನು ಒಬ್ಬನೇ ತಮ್ಮ, ಕೈ ಕೊಟ್ಟರೆ ಅವನನ್ನ ಕಳ್ಕೊಂಡ ಹಾಗೆ ಅಂತೆ. ನಾಳೆ ಹಂದಿ ಹೊತ್ಕೊಂಡು ನನ್ನ ತಮ್ಮ ಬರ್ಲಿ, ಅಷ್ಟು ಸಾಕು ಅಂತೆ."

ಮದುವೆಯಲ್ಲಿ ಸುಟ್ಟ ಹಂದಿಯನ್ನು ಹೊತ್ತು ತಂದು ಮದುಮಗಳ ಮುಂದೆ ಇಡಬೇಕಾದವನು ಸೋದರಮಾವ. ಪೆನಿ ಅಕ್ಕನ ಮಾತನ್ನು ತನಗೆ ತಿಳಿದ ಹಾಗೆ ತಿಳಿದುಕೊಂಡಳು. ಅಕ್ಕನಿಗೆ ಬೇಕಾದದ್ದು ಗಂಡಸು. ಆಗಲಿ, ಒಂದು ದಿನದ ಮಟ್ಟಿಗೆ ಕೊಟ್ಟರಾಯಿತು. ಹಾಗೆಂದುಕೊಂಡರೂ ಆ ರಾತ್ರಿ ಅವಳು ತುಂಬ ಅತ್ತಳು.

ಬೆಳಿಗ್ಗೆ ಪೆಟ್ಟಿಗೆಯಿಂದ ಅಪ್ಪನ ಕಪ್ಪು ಟುಪೆನು, ಗಂಡಸರು ಸುತ್ತುವ ಪಂಚೆ, ತೆಗೆದು ಉಟ್ಟಳು. ಮದುವೆ ಮುಂಜಿಗೆ ನಮ್ಮಲ್ಲಿ ಸೊಂಟಕ್ಕೆ ಚಾಪೆ ಸುತ್ತುವುದು ಮರ್ಯಾದೆ, ಅದಕ್ಕೂ ಅಪ್ಪನದನ್ನೇ ಸುತ್ತಿ ಕಟ್ಟಿದಳು. ಕೂದಲನ್ನು ಬಿಗಿದು ಅಂಗಿಯ ಕಾಲರಿನೊಳಗೆ ತುರುಕಿದಳು. ಕೊನೆಗೆ ರಿಮೂವರಿನಲ್ಲಿ ಹತ್ತಿ ಅದ್ದಿ ತನ್ನ ಉಗುರಿನ ಹೂವುಗಳನ್ನು ಒರೆಸಿದಳು. ಹದಿನಾರು ತುಂಬಿದಾಗಿನಿಂದ ಆ ಉಗುರು ಬೋಳಾಗಿದ್ದನ್ನು ಯಾರೂ ನೋಡಿದ್ದಿಲ್ಲ. ಮಾಸಲು ಹಳದಿಗೆ ತಿರುಗಿದ್ದ ಅವು ಅವಳಿಗೇ ಯಾರದೋ ಅನಿಸಿದವು.

ಇನ್ನೂ ಮೂವರು ಗಂಡಸರು ಹೆಗಲು ಕೊಟ್ಟರು. ಹಂದಿ ಚಪ್ಪರಕ್ಕೆ ಬಂತು. ಹೆಣ್ಣಿನ ಕಡೆಯ ಚಾಪೆಯ ಮೇಲೆ ಅಕನೇಸಿ ತಲೆ ತಗ್ಗಿಸಿ ಕೂತಿದ್ದಳು. ಪೆನಿಯೂ ತಲೆ ತಗ್ಗಿಸಿ ಹಂದಿಯನ್ನು ಇಳಿಸಿ, ಎರಡೂ ಕೈ ನೆಲಕ್ಕೆ ಊರಿ ನಮಿಸಿ, ಹಿಂದಕ್ಕೆ ಸರಿದಳು. ಅಕನೇಸಿ ಎದ್ದು ಒಳಗೆ ಹೋದಳು. ತಮ್ಮ ಬಂದಾಗ ಅಕ್ಕ ಏಳುವುದೇ ಕ್ರಮವಲ್ಲವೇ, ಪೆನಿಗೆ ಸಮಾಧಾನವಾಯಿತು. ನೆಂಟರ ಮುಂದೆ ಅಕ್ಕನ ಮಾನ ಉಳಿಯಿತು ಎಂದುಕೊಂಡು ಹೊರಗೆ ಒಲೆಯ ಗುಂಡಿಯ ಹತ್ತಿರ ಹೋಗಿ ಕೂತಳು.

ಊಟದ ನಡುವೆ ಸೇಲಾ ಮದುವೆಯ ಉಡುಗೆಯನ್ನು ಎತ್ತಿ ಹಿಡಿದುಕೊಂಡು ಅಲ್ಲಿಗೇ ಬಂದಳು.

"ಮಾವ, ಅಮ್ಮ ಒಳಗೆ ಅಳ್ತಿದಾಳೆ. ಊಟಾನೂ ಮುಟ್ಟಿಲ್ಲ."

"ಮಗಳು ಹೋಗ್ತಿದಾಳಲ್ಲ, ಅಳ್ದೆ ಇನ್ನೇನು?"

"ಅದಕ್ಕಲ್ಲ. ನೀನು ಬರ್ಲಿಲ್ಲ ಅಂತ."

ಪೆನಿಗೆ ಅರ್ಥವಾಗಲಿಲ್ಲ. "ಅವಳ ಮುಂದೇನೇ ಇಟ್ಟೆನಲ್ಲೇ ಹಂದೀನ!"

"ಯಾರೋ ಕೂಲಿಯವನನ್ನ ಕಳಿಸಿದಾನೆ ಅಂತಾಳೆ. ಬೋಳು ಕೈ ಇತ್ತು, ನನ್ನ ತಮ್ಮನ ಕೈ ನಂಗೆ ಗೊತ್ತಿಲ್ವಾ, ಪ್ರತಿ ಭಾನುವಾರ ನೋಡ್ತೀನಲ್ಲ ಅಂತಾಳೆ. ಹೋದ ವಾರ ನೀಲಿ ದಾಸವಾಳ ಇತ್ತಂತೆ, ಅದಕ್ಕೂ ಮುಂಚೆ ಬಿಳೀ ದೇವಕಣಗಿಲೆ ಇತ್ತಂತೆ."

ಅದು ನಿಜ. ಹೋದ ವಾರ ನೀಲಿ ದಾಸವಾಳವೇ. ಮುಖ ನೋಡಬಾರದ ಅಕ್ಕ ಇಷ್ಟು ವರ್ಷ ನೋಡಿಕೊಂಡು ಬಂದದ್ದು ಪುಸ್ತಕ ಹಿಡಿದ ಆ ಹತ್ತು ಬೆರಳನ್ನು. ತಮ್ಮ ಅಂದರೆ ಅವಳಿಗೆ ಅಷ್ಟೇ ಇದ್ದದ್ದು.

ಪೆನಿ ತನ್ನ ಕೈಗಳನ್ನು ಟುಪೆನುವಿನ ಮಡಿಕೆಯೊಳಗೆ ಮುಚ್ಚಿಟ್ಟುಕೊಂಡಳು. ಒಳಗೆ ಹೋಗಿ ಹೇಳುವ ಹಾಗಿಲ್ಲ. ಕಿಟಕಿಯಿಂದ ಕೂಗುವ ಹಾಗೂ ಇಲ್ಲ.

"ಬಂದಿದ್ದ ಅಂತ ನಾನು ಹೇಳ್ತೀನಿ," ಎಂದಳು ಸೇಲಾ. "ಆದ್ರೆ ಉಗುರು ಯಾಕೆ ಹಾಗೆ ಮಾಡ್ಕೊಂಡ ಅಂತ ಕೇಳೇ ಕೇಳ್ತಾಳೆ. ಏನಂತ ಹೇಳ್ಲಿ ಮಾವ?"

ಪೆನಿ ಬೋಳು ಬೆರಳುಗಳನ್ನು ಮಡಿಕೆಯೊಳಗೇ ಮಡಚಿಕೊಂಡು ಹೇಳಿದಳು.

"ನೀನು ನೋಡ್ತಿದ್ದೆ ಅಂತ ಅವನಿಗೆ ಗೊತ್ತಿರ್ಲಿಲ್ಲ ಅನ್ನು."