ಕಂಪ್ಯೂಟರಿನೊಳಗೊಂದು ನಾರಳಿ ಹುಣ್ಣಿಮೆ

ಮೊನ್ನೆ ಒಂದು ಭಾನುವಾರ ನಾನು ನಾರಳಿ ಹುಣ್ಣಿಮೆಯನ್ನು ಮೂರು ದಿನ ಮೊದಲೇ ಎಳೆದು ತಂದೆ.

ಪಂಚಾಂಗ ನೋಡಲಿಲ್ಲ. ಭಟ್ಟರನ್ನು ಕೇಳಲಿಲ್ಲ. ಚಂದ್ರನಿಗಂತೂ ಸುದ್ದಿಯೇ ಇರಲಿಲ್ಲ. ಕೀಬೋರ್ಡಿನ ಮೇಲೆ ನಾಲ್ಕು ಕೀ ಒತ್ತಿದೆ, ಹುಣ್ಣಿಮೆ ಬಂತು. ಬಂದದ್ದು ಸುಮ್ಮನೆ ಹೋಗಲಿಲ್ಲ, ಒಂದು ಬೋಟನ್ನು ನುಂಗಿಕೊಂಡು ಹೋಯಿತು.

ಗಾಬರಿಯಾಗಬೇಡಿ, ಜೀವಹಾನಿ ಏನೂ ಇಲ್ಲ. (ಮಾನಹಾನಿ ಆಗಿದೆ. ಆದದ್ದು ನನ್ನದೇ, ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.)

ನಾವು ಬಾಡಿಗೆಗೆ ಇರುವುದು ಸದಾಶಿವಗಡದಲ್ಲಿ, ಪಾಂಡು ಮಾಮನ ಮನೆಯ ಹಿಂಭಾಗದಲ್ಲಿ. ಮಾಮ ತಾಂಡೇಲರು, ಅಂದರೆ ಬೋಟಿನ ಮುಖ್ಯಸ್ಥರಾಗಿ ಕಡಲಿಗೆ ಹೋಗುವವರು. ಮಳೆಗಾಲದಲ್ಲಿ ಬೋಟು ದಡದ ಮೇಲೆ, ಮಾಮ ಮನೆಯೊಳಗೆ. ಮಾಮ ಮನೆಯೊಳಗಿದ್ದರೆ ಮಾಮಿಗೆ ತಲೆನೋವು. ಯಾವ ಡಬ್ಬಿ ಎಲ್ಲಿಡಬೇಕು ಎಂದು ಅಡುಗೆಮನೆಗೂ ತಾಂಡೇಲಿಕೆ ಮಾಡಲು ಬರುತ್ತಾರೆ. ಹಾಗಾಗಿ ಮಾಮಿಯೇ ಅವರನ್ನು ಮಧ್ಯಾಹ್ನದ ಮೇಲೆ ನಮ್ಮ ಕಡೆ ಅಟ್ಟುತ್ತಾರೆ.

ನಾನು ಆಗ ಏನು ಮಾಡುತ್ತಿರುತ್ತೇನೆ? ರಜೆಯ ದಿನವಾದರೆ ಕಂಪ್ಯೂಟರಿನ ಮುಂದೆ, ಫೋರಂನಲ್ಲಿ. ಫೋರಂ ಅಂದರೆ ಇಂಟರ್ನೆಟ್ಟಿನ ಚಾದಂಗಡಿ. ಚಾ ಒಂದು ಸಿಗುವುದಿಲ್ಲ, ಉಳಿದ ಮಾತುಕತೆ ಎಲ್ಲ ಇದೆ. ಗೇಮ್ ಆಡುವವರು ದೇಶದೇಶಗಳಿಂದ ಬಂದು ಸೇರುತ್ತಾರೆ. ಸ್ವಂತ ಹೆಸರು ಯಾರೂ ಹೇಳುವುದಿಲ್ಲ. ನಾನಲ್ಲಿ 'ಕಾಳಿಬಾಸ್'. ಕಾರವಾರದ ಆಫೀಸಿನಲ್ಲಿ ಎರಡನೇ ದರ್ಜೆಯ ಗುಮಾಸ್ತ, ಫೋರಂನಲ್ಲಿ ಸೀನಿಯರ್ ಮೆಂಬರ್. ಹೆಸರಿನ ಕೆಳಗೆ ನಾಲ್ಕು ನಕ್ಷತ್ರ. ಪೊಲೀಸ್ ಇನ್ಸ್‌ಪೆಕ್ಟರ್ ಸಾಹೇಬರಿಗೂ ಮೂರೇ!

ಫೋರಂನ ಧರ್ಮ ಬಲು ಸರಳ. ಹೊಸಬನೊಬ್ಬ ಬಂದು 'ನನ್ನ ಕಂಪ್ಯೂಟರ್ ಶುರುವಾಗುತ್ತಿಲ್ಲ, ಯಾರಾದರೂ ಕಾಪಾಡಿ' ಎಂದರೆ ಉತ್ತರ ಕೊಡಬಾರದು. 'ಪ್ಲಗ್ ಹಾಕಿದ್ದೀಯಾ?' ಎನ್ನಬೇಕು. ಇನ್ನೊಬ್ಬ 'ಕರೆಂಟ್ ಬಿಲ್ ಕಟ್ಟಿದ್ದೀಯಾ?' ಎನ್ನಬೇಕು. ಮಿಕ್ಕವರು 'ಲೋಲ್' ಎಂದು ಬರೆಯಬೇಕು. ಜೋರಾಗಿ ನಗುತ್ತಿದ್ದೇನೆ ಎಂದು ಅದರ ಅರ್ಥ. (ಬರೆಯುವಾಗ ಮುಖ ನೋಡಬೇಕು ನೀವು, ಹಲ್ಲುನೋವು ಬಂದವರ ಹಾಗಿರುತ್ತದೆ.) ಹೀಗೆ ಕಂಡವರಿಗೆಲ್ಲ ಪ್ಲಗ್ ಕೇಳಿ ಕೇಳಿಯೇ ನಾನು ನಾಲ್ಕು ನಕ್ಷತ್ರ ಸಂಪಾದಿಸಿದ್ದು.

ಜುಲೈಯಲ್ಲಿ ಅಲ್ಲಿಯವರೇ ಒಂದು ಮೀನು ಹಿಡಿಯುವ ಗೇಮ್ ತೋರಿಸಿಕೊಟ್ಟರು. ಬೋಟು, ಬಲೆ, ಬಂದರು, ಕಡಲು ಎಲ್ಲ ಇರುವ ಗೇಮ್. ಮೂವತ್ತು ದಿನ ಪುಕ್ಕಟೆ, ಆಮೇಲೆ ಡಾಲರ್ ಕಟ್ಟಬೇಕು. ಮಾಮ ಮೊದಲ ದಿನ ನನ್ನ ಬೆನ್ನ ಹಿಂದೆ ನಿಂತು ನೋಡಿದರು. ಎರಡನೆಯ ದಿನ ಪಕ್ಕಕ್ಕೆ ಸ್ಟೂಲ್ ಎಳೆದುಕೊಂಡರು. ಮೂರನೆಯ ದಿನ ಕುರ್ಚಿ ಅವರದಾಯಿತು, ಬೆನ್ನ ಹಿಂದೆ ನಿಲ್ಲುವ ಸರದಿ ನನ್ನದಾಯಿತು.

ಆದರೆ ಮಾಮ ಮೀನು ಹಿಡಿಯಲಿಲ್ಲ!

ಬೋಟನ್ನು ಬಂದರಿನಿಂದ ಆಚೆಗೇ ತೆಗೆಯಲಿಲ್ಲ. ಆ ಗೇಮಿನಲ್ಲಿ ಬೋಟಿಗೆ ಬಣ್ಣ ಬಳಿಯಬಹುದು, ತಳ ಕೆರೆಯಬಹುದು, ಬಲೆ ರಿಪೇರಿ ಮಾಡಬಹುದು. ಮಾಮ ದಿನಾ ಬಂದು ಅಷ್ಟನ್ನೇ ಮಾಡುತ್ತಿದ್ದರು. ಮೈಗೆಲ್ಲ ನೀಲಿ, ಅಂಚಿಗೆ ಹಳದಿ ಪಟ್ಟಿ, ಮೂತಿಗೆ ಕೆಂಪು. ಅವರ ಸ್ವಂತ ಬೋಟಿನ ಬಣ್ಣವೇ. ಹಳದಿ ಸ್ವಲ್ಪ ಹೆಚ್ಚಾಯಿತೆಂದು ಎಲ್ಲ ಅಳಿಸಿ ಮತ್ತೆ ಬಳಿದರು.

"ಮಾಮಾ, ಬಲೆ ಬಿಡಿ ಇನ್ನು" ಎಂದೆ.

"ಈಗೆಂತಾ ಬಲೆ ಬಿಡುದು ನಾಯಕ್ರೆ? ಹುಣ್ಣಿಮೆ ಆಗ್ಲಿಲ್ಲಲ್ಲ!"

ನೂಲ ಹುಣ್ಣಿಮೆ ಎನ್ನುತ್ತೀರಲ್ಲ, ಅದೇ ಕಡಲ ಮಕ್ಕಳಿಗೆ ನಾರಳಿ ಹುಣ್ಣಿಮೆ. ಅಂದು ಕಡಲಿಗೆ ತೆಂಗಿನಕಾಯಿ ಒಪ್ಪಿಸಬೇಕು. ಆಮೇಲೆಯೇ ಬೋಟು ನೀರಿಗೆ. ಸರ್ಕಾರ ಮೀನುಗಾರಿಕೆಗೆ ನಿಷೇಧ ಹಾಕಲಿ, ತೆಗೆಯಲಿ, ಮಾಮನ ಲೆಕ್ಕ ತೆಂಗಿನಕಾಯಿಯದು.

"ಮಾಮಾ, ಇದು ಕಂಪ್ಯೂಟರ್. ಕಡಲಲ್ಲ."

"ಕಡಲಲ್ಲ ಅಂದ್ರೆ ಇದ್ರಲ್ಲಿ ಮೀನು ಎಂತಕ್ಕೆ ಅದೆ?"

ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದೆಯೇ?

"ಮೀನು ಮೊಟ್ಟೆ ಇಡು ಟೈಮು. ನಿಮ್ಮ ಡಬ್ಬಿ ಒಳಗಿನ ಮೀನಿಗೂ ಹೊಟ್ಟೆ ಇರ್ತದಲ್ಲ, ಪಾಪ" ಎಂದು ಮಾಮ ಮತ್ತೆ ಬಲೆಯ ತೂತು ಮುಚ್ಚಲು ಕೂತರು. "ಹುಣ್ಣಿಮೆ ಆಗ್ಲಿ. ಈ ಸಲ ಎರಡೂ ಕಡಲಿಗೆ ಬೋಟು ಇಳಿಸ್ತೆ ನೋಡಿ."

ಶೆಟಗೇರಿ ಊರಿನವಳಾದ ನನ್ನ ಹೆಂಡತಿ ಒಳಗಿನಿಂದಲೇ ಒಗ್ಗರಣೆ ಹಾಕಿದಳು. "ಅವ್ರಿಗಾದ್ರೂ ಒಂದು ಹುಣ್ಣಿಮೆ ಅದೆ. ನಿಮ್ಗೆ ಆ ಕುರ್ಚಿಯಿಂದ ಏಳುಕೆ ಯಾವ ಅಮಾಸೆ ಬರ್ಬೇಕು?"

ಮಾಮನ ಕಥೆ ಕೇಳಿ ನೀವು ನಗುತ್ತಿದ್ದರೆ ಸ್ವಲ್ಪ ತಡೆಯಿರಿ. ನಮ್ಮ ಆಫೀಸಿನ ಕಂಪ್ಯೂಟರ್ ರೂಮಿಗೆ ಚಪ್ಪಲಿ ಹೊರಗೆ ಬಿಟ್ಟೇ ಹೋಗಬೇಕು. ಇಲ್ಲದಿದ್ದರೆ ವೈರಸ್ ಬರುತ್ತದಂತೆ! ಆಯುಧಪೂಜೆಗೆ ಮಾನಿಟರಿನ ಹಣೆಗೆ ಕುಂಕುಮ. ಮಷೀನು ನಿಧಾನವಾದರೆ ರಿಫ್ರೆಶ್, ರಿಫ್ರೆಶ್, ರಿಫ್ರೆಶ್ ಎಂದು ಜಪ. 'ಈ ಮೇಲನ್ನು ಹತ್ತು ಜನರಿಗೆ ಕಳಿಸದಿದ್ದರೆ ಕೆಡುಕು ಕಾದಿದೆ' ಎಂದು ಬಂದರೆ ಬಿಣಗಾದಲ್ಲಿರುವ ನನ್ನ ಷಡ್ಡಕ, ಓದಿದ್ದು ಎಂಜಿನಿಯರಿಂಗ್, ಹನ್ನೊಂದು ಜನರಿಗೆ ಕಳಿಸುತ್ತಾನೆ. ಒಂದು ಹೆಚ್ಚಿಗೆ ಇರಲಿ ಎಂದು. ಇಷ್ಟೆಲ್ಲ ವಿಜ್ಞಾನ, ಮಾಮನ ತೆಂಗಿನಕಾಯಿ ಮಾತ್ರ ಮೂಢನಂಬಿಕೆಯೇ?

ಸರಿ, ಮಾಮ ಅವರ ಪಾಡಿಗೆ ಬಣ್ಣ ಬಳಿಯುತ್ತಿದ್ದರು. ನಾನು ನನ್ನ ಪಾಡಿಗೆ ಇದ್ದಿದ್ದರೆ ಈ ಅಂಕಣವೇ ಬೇಕಿರಲಿಲ್ಲ. ಫೋರಂನವರು ಒಂದು ಸ್ಪರ್ಧೆ ಇಟ್ಟರು. ಭಾನುವಾರದೊಳಗೆ ಯಾರು ಹೆಚ್ಚು ಮೀನು ಹಿಡಿಯುತ್ತಾರೋ ಅವರಿಗೆ ಐದನೆಯ ನಕ್ಷತ್ರ. ನಾನು ಮೀಸೆ ತಿರುವಿ ಬರೆದೆ: 'ನನ್ನ ತಂಡದಲ್ಲಿ ನಿಜವಾದ ಕ್ಯಾಪ್ಟನ್ ಇದ್ದಾರೆ. ನೀವೆಲ್ಲ ಮನೆಗೆ ಹೋಗಿ.'

ಉತ್ತರಗಳು ಬಂದವು. 'ಕ್ಯಾಪ್ಟನ್ ಹೆಗಲ ಮೇಲೆ ಗಿಳಿ ಇದೆಯಾ?' 'ಒಂದು ಕಣ್ಣಿಗೆ ಕಪ್ಪು ಪಟ್ಟಿ ಇದೆಯಾ?' 'ಫೋಟೋ ಹಾಕು, ಇಲ್ಲವಾದರೆ ಸುಳ್ಳು.' ಲೋಲ್, ಲೋಲ್, ಲೋಲ್.

ಭಾನುವಾರ ಬಂತು. ಹುಣ್ಣಿಮೆ ಇದ್ದದ್ದು ಬುಧವಾರ. ನಕ್ಷತ್ರ ಬೇಕೆಂದರೆ ಚಂದ್ರ ಬೇಗ ಬರಬೇಕು. ಆಗ ನನ್ನ ತಲೆ ಓಡಿತು. (ಓಡಬಾರದಿತ್ತು.)

"ಮಾಮಾ, ಕಂಪ್ಯೂಟರಿನ ಕಡಲಿಗೆ ಕಂಪ್ಯೂಟರಿನದೇ ಪಂಚಾಂಗ. ಅದರೊಳಗೆ ಹುಣ್ಣಿಮೆ ಇವತ್ತೇ" ಎಂದೆ.

ಮಾಮ ನನ್ನ ಮುಖ ನೋಡಿದರು, ಪರದೆ ನೋಡಿದರು.

"ನೀವು ಕಲಿತವ್ರು, ಹೇಳ್ತ್ರಿ ಅಂದ್ರೆ ಹೌದಿರ್ಬೇಕು. ಒಳಗೆ ಹುಣ್ಣಿಮೆ ಅಂದ್ರೆ ಒಳಗಿನ ಬೋಟು ಹೋಗ್ಲಿ. ಆದ್ರೆ ಕಾಯಿ ಕೊಡ್ದೇ ಹೋಗುದಿಲ್ಲ."

ಸ್ನಾನ ಮಾಡಿ ಬರುತ್ತೇನೆಂದು ಮನೆಗೆ ಹೋದರು. ಅಷ್ಟರಲ್ಲಿ ನಾನು ಕಂಪ್ಯೂಟರಿನ ತಾರೀಕನ್ನು ಹುಣ್ಣಿಮೆಯ ದಿನಕ್ಕೆ ಬದಲಿಸಬೇಕಿತ್ತು. ಮೌಸ್ ಹಿಡಿದು ಕ್ಯಾಲೆಂಡರಿನ ಮೇಲೆ ಕ್ಲಿಕ್ ಮಾಡಿದರೆ ಮುಗಿಯಿತು. ಆದರೆ ಸೀನಿಯರ್ ಮೆಂಬರ್ ಅಷ್ಟು ಸುಲಭದ ಕೆಲಸ ಮಾಡುವುದುಂಟೇ? ಕಪ್ಪು ಪರದೆ ತೆರೆದು ಕಮಾಂಡ್ ಬಡಿದೆ. ಒಂಬತ್ತು, ಗೀಟು, ಎಂಟು. ಆಗಸ್ಟ್ ಒಂಬತ್ತು. ಹುಣ್ಣಿಮೆ ಹಾಜರ್!

ಮಾಮ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಕುಂಕುಮ ಹಚ್ಚಿದ ಕಾಯಿಯನ್ನು ಸಿಪಿಯು ಮೇಲಿಟ್ಟು ಕೈಮುಗಿದರು. ಹೆಂಡತಿ ಎರಡು ಊದುಬತ್ತಿ ಹಚ್ಚಿದಳು. ಮಾಮ ಮೌಸನ್ನು ಕಣ್ಣಿಗೊತ್ತಿಕೊಂಡು ಕ್ಲಿಕ್ ಮಾಡಿದರು.

ಬೂದು ಬಣ್ಣದ ಒಂದು ಚೌಕ ಬಂತು.

"ಎಂತಾ ಹೇಳ್ತದೆ?"

"ಪುಕ್ಕಟೆಯ ದಿನ ಮುಗೀತಂತೆ ಮಾಮಾ."

"ನಿನ್ನೆ ಇನ್ನೂ ದಿನ ಅದೆ ಅಂದಿತ್ತಲ್ಲ?"

ಅಂದಿದ್ದು ನಿಜ. ನಾನು ಮೂಲೆಯ ತಾರೀಕಿನ ಮೇಲೆ ಮೌಸ್ ಇಟ್ಟು ನೋಡಿದೆ. ಸೆಪ್ಟೆಂಬರ್ ಎಂಟು! ನಾವು ಮೊದಲು ದಿನ ಬರೆಯುತ್ತೇವೆ, ಆಮೇಲೆ ತಿಂಗಳು. ಆ ಮಷೀನಿಗೆ ಅಮೆರಿಕದ ಕ್ರಮ, ಮೊದಲು ತಿಂಗಳು. ನಾನು ಮೂರು ದಿನ ಜಿಗಿಯಲು ಹೋಗಿ ಒಂದು ತಿಂಗಳು ಜಿಗಿದಿದ್ದೆ. ತಾರೀಕು ಮತ್ತೆ ಹಿಂದಕ್ಕೆ ತಂದೆ. ಗೇಮು ಜಪ್ಪಯ್ಯ ಎನ್ನಲಿಲ್ಲ. ತಾರೀಕು ತಿರುಗಿಸುವ ಕಳ್ಳರು ಇರುತ್ತಾರೆಂದು ಅದನ್ನು ಮಾಡಿದವರಿಗೆ ಮೊದಲೇ ಗೊತ್ತು. ಒಮ್ಮೆ ಮುಗಿದರೆ ಮುಗಿಯಿತು. ಬುಧವಾರದವರೆಗೆ ಸುಮ್ಮನಿದ್ದಿದ್ದರೆ ಇನ್ನೂ ದಿನಗಳು ಉಳಿದಿರುತ್ತಿದ್ದವು.

"ನನ್ನ ಬೋಟು?"

"ಒಳಗೇ ಅದೆ ಮಾಮಾ."

"ತೆಗೀರಿ ಹಂಗಾದ್ರೆ."

"ತೆಗೆಯೂಕೆ ಆಗುದಿಲ್ಲ."

ಮಾಮ ಆ ಬೂದು ಚೌಕದ ಹಿಂದೆ ಇಣುಕಿ ನೋಡಲು ಜಾಗ ಇದೆಯೇನೋ ಎಂಬಂತೆ ಕತ್ತು ಓರೆ ಮಾಡಿ ಸ್ವಲ್ಪ ಹೊತ್ತು ಕೂತರು. ಬೈದಿದ್ದರೆ ಚೆನ್ನಾಗಿತ್ತು. ನನಗೆ ನಿಜಕ್ಕೂ ಸಂಕಟವಾಯಿತು.

ಫೋರಂಗೆ ಓಡಿದೆ. 'ತಪ್ಪಾಗಿದೆ, ಒಬ್ಬ ಹಿರಿಯರ ಬೋಟು ಒಳಗೆ ಸಿಕ್ಕಿಬಿದ್ದಿದೆ, ದಾರಿ ಹೇಳಿ' ಎಂದು ಬೇಡಿಕೊಂಡೆ. 'ಕ್ಯಾಪ್ಟನ್‌ಗೆ ಈಜಿ ಬಾ ಅನ್ನು' ಎಂದ ಒಬ್ಬ. 'ಪ್ಲಗ್ ಹಾಕಿದ್ದೀಯಾ?' ಎಂದ ಇನ್ನೊಬ್ಬ. ಆಮೇಲೆ ಪುಟಗಟ್ಟಲೆ ಲೋಲ್. ಒಬ್ಬನಾದರೂ 'ಪಾಪ' ಎಂದನೇ? ಎನ್ನಲು ಅವನಿಗೇನು ನಕ್ಷತ್ರ ಬೇಡವೇ? ಡಾಲರ್ ಕಟ್ಟೋಣವೆಂದರೆ ಕ್ರೆಡಿಟ್ ಕಾರ್ಡ್ ಬೇಕಂತೆ. ನಮ್ಮ ಓಣಿಯಲ್ಲಿ ಇರುವುದೆಲ್ಲ ರೇಶನ್ ಕಾರ್ಡ್.

ತೆಂಗಿನಕಾಯಿಯನ್ನು ಮಾಮ ವಾಪಸ್ ಒಯ್ಯಲಿಲ್ಲ. "ಕೊಟ್ಟ ಕಾಯಿ ತಿರುಗಿ ತಕಂಬುದಿಲ್ಲ" ಎಂದರು. ಚಟ್ನಿ ಮಾಡಲು ಹೆಂಡತಿಗೂ ಧೈರ್ಯವಿಲ್ಲ. ಸಿಪಿಯು ಮೇಲೆ ಹಾಗೇ ಇದೆ.

ಬುಧವಾರ ನಿಜವಾದ ಹುಣ್ಣಿಮೆ ಬಂತು. ಮಾಮ ಕಡಲಿಗೆ ಕಾಯಿ ಒಪ್ಪಿಸಿದರು, ಬೋಟು ಇಳಿಸಿದರು. ಎರಡು ದಿನ ಕಳೆದು ಸಂಜೆ ಬಾಗಿಲಿಗೆ ಬಂದರು. ಕೈಯಲ್ಲಿ ಬಂಗಡೆಯ ಚೀಲ. ಮೊದಲ ಮೀನು ನಮ್ಮ ಮನೆಗೂ ಕೊಟ್ಟರು. ಹೊರಗೆ ಗಾಳಿ ಎದ್ದಿತ್ತು, ಮಳೆ ಹನಿಯುತ್ತಿತ್ತು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಬಾಗಿಲಲ್ಲೇ ನಿಂತು, ಆರಿಸಿಟ್ಟ ಕಂಪ್ಯೂಟರಿನ ಕಡೆ ನೋಡಿ ದನಿ ತಗ್ಗಿಸಿ ಕೇಳಿದರು.

"ನಾಯಕ್ರೆ, ಗಾಳಿ ಜೋರದೆ. ಆ ಬೋಟಿಗೆ ಲಂಗರು ಹಾಕೇ ಇಟ್ಟಿದ್ರಲ್ಲ?"

'ಹೂಂ ಮಾಮಾ' ಎಂದುಬಿಟ್ಟೆ. ಹಾಕಿದೆಯೋ ಇಲ್ಲವೋ, ಇನ್ನು ಯಾರನ್ನು ಕೇಳಲಿ?