ಕೆಟ್ಟ ಸುದ್ದಿಯನ್ನು ಕೇಳಿ ಪಡೆಯುವ ಉಮ್ಸುನಾಯ್

ಬೆಳಗಿನ ಐದೂವರೆ. ತಾಶ್-ಕೊರೊ ಹಾಲಿನ ಕಾರ್ಖಾನೆಯ ಅಂಗಳದಲ್ಲಿ ಗಟ್ಟಿಗೊಂಡ ಹಿಮ ಬೂಟಿನಡಿ ಕರಕರ ಎನ್ನುತ್ತಿದೆ. ತಲೆಗೆ ಉಣ್ಣೆಯ ಶಾಲು ಬಿಗಿದು, ಕಂಕುಳಲ್ಲಿ ದಪ್ಪ ನೋಟ್‌ಬುಕ್ ಸಿಕ್ಕಿಸಿಕೊಂಡು ಗೇಟು ದಾಟಿ ಬರುವ ಐವತ್ತನಾಲ್ಕರ ಹೆಂಗಸು ಕಚೇರಿಯ ಮೆಟ್ಟಿಲು ಹತ್ತುವುದಿಲ್ಲ. ನೇರವಾಗಿ ಹಾಲು ಕಾಯಿಸುವ ಕೋಣೆಗೆ ಹೋಗುತ್ತಾರೆ. ಅಲ್ಲಿ ಆವಿಯ ನಡುವೆ ಬಾತ್ಮಾ ಕ್ಯಾನುಗಳನ್ನು ತೊಳೆಯುತ್ತಿದ್ದಾಳೆ.

“ಬಾತ್ಮಾ, ಇವತ್ತು ಏನು ಹೆದರಿಕೆ?”

“ಹೆದರಿಕೆ ಏನಿಲ್ಲ ಅಕ್ಕ. ಆದ್ರೆ ಮೂರನೇ ತೊಟ್ಟಿ ಹತ್ರ ನೆಲದ ಕಲ್ಲು ಎದ್ದಿದೆ. ನಿನ್ನೆ ಬಿಸಿ ಹಾಲಿನ ಬಕೆಟ್ ಹಿಡ್ಕೊಂಡು ಎಡವಿದೆ.”

“ನಿನ್ನೇನೇ ಯಾಕೆ ಹೇಳ್ಲಿಲ್ಲ?”

“ನೀವು ಕೇಳಿ ಹೋದ್ಮೇಲೆ ತಾನೇ ನಾನು ಎಡವಿದ್ದು!”

ಉಮ್ಸುನಾಯ್ ನಗುವುದಿಲ್ಲ. ಬಗ್ಗಿ ಕಲ್ಲನ್ನು ಮುಟ್ಟಿ ನೋಡುತ್ತಾರೆ. ನೋಟ್‌ಬುಕ್ ತೆರೆದು ಒಂದು ಸಾಲು ಬರೆದು, ಅದರ ಮುಂದೆ ಗಾರೆ ಕೆಲಸದವನ ಹೆಸರು ಮತ್ತು ‘ಇವತ್ತು ಮಧ್ಯಾಹ್ನದೊಳಗೆ’ ಎಂದು ಸೇರಿಸುತ್ತಾರೆ. ಆಮೇಲೆ ಪಕ್ಕದ ಕೋಣೆಗೆ. ಅಲ್ಲಿಯೂ ಅದೇ ಪ್ರಶ್ನೆ.

ಅವರು ಈ ಕಾರ್ಖಾನೆಯ ಮ್ಯಾನೇಜರ್. ಹನ್ನೊಂದು ಹಳ್ಳಿಗಳಿಂದ ಬೇಸಿಗೆಯಲ್ಲಿ ದಿನಕ್ಕೆ ಹದಿನೆಂಟು ಸಾವಿರ ಲೀಟರ್, ಈಗಿನ ಚಳಿಯಲ್ಲಿ ಆರು ಸಾವಿರ ಲೀಟರ್ ಹಾಲು ಇಲ್ಲಿಗೆ ಬರುತ್ತದೆ. ಬೆಣ್ಣೆ, ಚೀಸ್, ಒಣಮೊಸರಿನ ಉಂಡೆಗಳಾಗಿ ಹೊರಗೆ ಹೋಗುತ್ತದೆ. ದುಡಿಯುವವರು ಅರವತ್ತಮೂರು ಮಂದಿ. ನಾರಿನ್ ಕಣಿವೆಯಲ್ಲಿ ಈ ಬೆಣ್ಣೆ ತಿನ್ನದವರಿಲ್ಲ. ಅದರ ಹಿಂದಿರುವ ಈ ಹೆಂಗಸಿನ ಹೆಸರು ಮಾತ್ರ ಪಕ್ಕದ ಊರಿನವರಿಗೂ ಗೊತ್ತಿಲ್ಲ. ಹೆಸರು ಹೊರಗೆ ಬರುವಂಥ ಅನಾಹುತವೇನೂ ಇಲ್ಲಿ ನಡೆಯದಂತೆ ನೋಡಿಕೊಳ್ಳುವುದೇ ಅವರ ಕೆಲಸ. ಅದಕ್ಕೆ ಓದಿದವರು ಇಟ್ಟ ಹೆಸರು, ಅಪಾಯ ನಿರ್ವಹಣೆ. ಉಮ್ಸುನಾಯ್ ಅದನ್ನು ಕಲಿತದ್ದು ಐವತ್ತನೆಯ ವಯಸ್ಸಿನಲ್ಲಿ. ಕಲಿಯಬೇಕಾಗಿ ಬಂದದ್ದು ಒಂದು ಸಾವಿನಿಂದ.

ಆರು ಚಳಿಗಾಲಗಳ ಹಿಂದಿನ ಮಾತು. ಆಗ ಉಮ್ಸುನಾಯ್ ಉತ್ಪಾದನಾ ವಿಭಾಗದ ಮುಖ್ಯಸ್ಥೆ. ಹಾಲನ್ನು ತಂಪುಮಾಡುವ ಅಮೋನಿಯಾ ಯಂತ್ರವನ್ನು ನೋಡಿಕೊಳ್ಳುತ್ತಿದ್ದವನು ಸತಿಬಾಲ್ದಿ. ಇಪ್ಪತ್ತೆರಡು ವರ್ಷ ಆ ಒಂದೇ ಕೋಣೆಯಲ್ಲಿ ದುಡಿದ, ಮಾತು ಕಡಿಮೆಯ ಮನುಷ್ಯ. ಫೆಬ್ರುವರಿಯ ಒಂದು ಮಂಗಳವಾರ ಅವನು ಟೋಪಿ ಕೈಯಲ್ಲಿ ಹಿಡಿದು ಉಮ್ಸುನಾಯ್ ಅವರ ಬಾಗಿಲಲ್ಲಿ ನಿಂತ. ಒಳಗೆ ರಾಜಧಾನಿಯಿಂದ ಬಂದ ತಪಾಸಣಾಧಿಕಾರಿಗಳಿದ್ದರು. ಮೇಜಿನ ಮೇಲೆ ಕಾಗದಗಳ ರಾಶಿ.

“ನಾನು ತಲೆ ಎತ್ತಿ ನೋಡ್ದೆ ಅಷ್ಟೇ. ‘ನಾಳೆ ಹೇಳಿ ಸತಿಬಾಲ್ದಿ ಅಣ್ಣ’ ಅಂದೆ. ಅವನು ‘ಆಯ್ತು ತಾಯಿ, ಅಂಥದ್ದೇನಿಲ್ಲ’ ಅಂದ. ಹೋದ. ಮಾರನೇ ದಿನ ನಾನು ಕೇಳ್ಲಿಲ್ಲ. ಅವನು ಹೇಳ್ಲೂ ಇಲ್ಲ,” ಎನ್ನುತ್ತಾರೆ ಉಮ್ಸುನಾಯ್.

ಗುರುವಾರ ಮಧ್ಯಾಹ್ನ ವಾಲ್ವ್ ಒಡೆಯಿತು. ಅಮೋನಿಯಾದ ವಿಷಗಾಳಿ ಕೋಣೆ ತುಂಬಿ ಪಕ್ಕದ ಪ್ಯಾಕಿಂಗ್ ಕೋಣೆಗೂ ನುಗ್ಗಿತು. ಹಿಂದಿನ ಬಾಗಿಲಿಗೆ ಯಾರೋ ಖಾಲಿ ಕ್ರೇಟುಗಳನ್ನು ಅಡ್ಡ ಪೇರಿಸಿಟ್ಟಿದ್ದರು. ಸತಿಬಾಲ್ದಿ ಇಬ್ಬರು ಹೆಂಗಸರನ್ನು ಮುಂದಿನ ಬಾಗಿಲಿನಿಂದ ಹೊರಗೆ ತಳ್ಳಿದ. ಅನಿಲ ಬರುವ ಕೊಳವೆಯ ದೊಡ್ಡ ವಾಲ್ವ್ ಮುಚ್ಚಲು ಮತ್ತೆ ಒಳಗೆ ಹೋದ. ವಾಲ್ವ್ ಮುಚ್ಚಿತು. ಅವನು ಹೊರಗೆ ಬರಲಿಲ್ಲ.

ವಿಚಾರಣೆ ನಡೆಯಿತು. ‘ಹಳೆಯ ವಾಲ್ವ್’ ಎಂಬ ಎರಡು ಪದಗಳಲ್ಲಿ ಮುಗಿಯಿತು. ಆಗಿನ ಮ್ಯಾನೇಜರ್ ಬಲು ಮುಂಗೋಪಿ. ದೂರು ತಂದವನನ್ನೇ ಗದರಿಸಿ ಕಳಿಸುತ್ತಿದ್ದವರು. ಅವರು ರಾಜೀನಾಮೆ ಕೊಟ್ಟು ಹೋದರು. ಕಾರ್ಖಾನೆ ನಡೆಸುವ ಸಹಕಾರ ಸಂಘದವರು ಆ ಕುರ್ಚಿಗೆ ಉಮ್ಸುನಾಯ್ ಅವರನ್ನು ಕೂರಿಸಿದರು. ಸತಿಬಾಲ್ದಿ ಬಾಗಿಲಲ್ಲಿ ಬಂದು ನಿಂತಿದ್ದ ಸಂಗತಿಯನ್ನು ಅವರು ಯಾರಿಗೂ ಹೇಳಲಿಲ್ಲ. ಗಂಡನಿಗೂ.

ಎರಡು ವರ್ಷದ ಮೇಲೆ ಗಡಿಯಾಚೆಯ ಒಂದು ದೊಡ್ಡ ಖರೀದಿದಾರ ಕಂಪನಿ, ಅಪಾಯ ನಿರ್ವಹಣೆಯಲ್ಲಿ ತರಬೇತಿ ಪಡೆದವರು ಕಾರ್ಖಾನೆಯಲ್ಲಿ ಇರಲೇಬೇಕು ಎಂದು ಷರತ್ತು ಹಾಕಿತು. ಸಂಘದ ಅಧ್ಯಕ್ಷ ಓಮುರ್ಜಾಕ್ ಯಾರಾದರೂ ಎಳೆಯರನ್ನು ಕಳಿಸೋಣ ಎಂದರು. ಉಮ್ಸುನಾಯ್ ತಾನೇ ಹೋಗುವುದಾಗಿ ಹಟ ಹಿಡಿದರು. ಆರು ತಿಂಗಳು, ಪ್ರತಿ ಗುರುವಾರ ವ್ಯಾನು ಹತ್ತಿ ಏಳು ತಾಸು ಕಣಿವೆ ಇಳಿದು ರಾಜಧಾನಿ ಬಿಷ್ಕೆಕ್‌ಗೆ. ಶುಕ್ರವಾರ, ಶನಿವಾರ ತರಗತಿ. ಭಾನುವಾರ ಮತ್ತೆ ಅದೇ ವ್ಯಾನು.

ತರಗತಿಯಲ್ಲಿ ಇಪ್ಪತ್ತನಾಲ್ಕು ಮಂದಿ. ಬ್ಯಾಂಕಿನವರು, ಫೋನ್ ಕಂಪನಿಯವರು, ಗಣಿಯವರು. ಎಲ್ಲರೂ ಇವರಿಗಿಂತ ಹದಿನೈದು ಇಪ್ಪತ್ತು ವರ್ಷ ಚಿಕ್ಕವರು. ಮೊದಲ ದಿನ ಒಬ್ಬ ಇವರನ್ನು ಕಸ ಗುಡಿಸುವವರು ಎಂದುಕೊಂಡು ಕಾಗದದ ಲೋಟ ಕೈಗೆ ಕೊಟ್ಟಿದ್ದ. “ತಗೊಂಡು ಹೋಗಿ ಬಿಸಾಕ್ದೆ. ಆಮೇಲೆ ಬಂದು ಅವನ ಪಕ್ಕದಲ್ಲೇ ಕೂತೆ. ಪಾಪ, ಆರು ತಿಂಗಳೂ ನನಗೆ ಅವನೇ ಚಹಾ ತಂದುಕೊಟ್ಟ,” ಎನ್ನುತ್ತಾರೆ.

ಪಾಠ ಹೇಳುತ್ತಿದ್ದವರು ಮೀರ್‌ಗುಲ್ ಎಂಬಾಕೆ. ಎರಡನೆಯ ವಾರ ಅವರು ಒಬ್ಬೊಬ್ಬರನ್ನೇ ಎಬ್ಬಿಸಿ, ನಿಮ್ಮ ಸಂಸ್ಥೆಗಿರುವ ಅತಿ ದೊಡ್ಡ ಅಪಾಯ ಯಾವುದು ಎಂದು ಕೇಳಿದರು. ಒಬ್ಬರು ಮಾರುಕಟ್ಟೆ ಎಂದರು, ಇನ್ನೊಬ್ಬರು ಕಂಪ್ಯೂಟರಿಗೆ ನುಗ್ಗುವ ಕಳ್ಳರು ಎಂದರು, ಗಣಿಯವನು ಭೂಕಂಪ ಎಂದ. ಉಮ್ಸುನಾಯ್ ಎದ್ದು ನಿಂತು ಹೇಳಿದರು: “ನನ್ನ ಮುಖ.”

ತರಗತಿ ಗೊಳ್ಳೆಂದು ನಕ್ಕಿತು. ಮೀರ್‌ಗುಲ್ ನಗಲಿಲ್ಲ.

“ಬಿಡಿಸಿ ಹೇಳಿ ಅಕ್ಕ.”

“ಕೆಟ್ಟದ್ದೇನಾದ್ರೂ ಹೇಳೋಕೆ ಜನ ಬರ್ತಾರೆ. ನನ್ನ ಮುಖ ನೋಡ್ತಾರೆ. ಹೇಳದೆ ವಾಪಸ್ ಹೋಗ್ತಾರೆ.”

ಆಮೇಲೆ ಯಾರೂ ನಗಲಿಲ್ಲ.

ಮೊದಲ ಪರೀಕ್ಷೆಯಲ್ಲಿ ಉಮ್ಸುನಾಯ್ ಫೇಲಾದರು. ಅಪಾಯಗಳನ್ನು ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಎರಡು ಅಂಕಿ ಬರೆಯಬೇಕು. ಅದು ನಡೆಯುವ ಸಾಧ್ಯತೆ ಎಷ್ಟು, ನಡೆದರೆ ಆಗುವ ಪೆಟ್ಟು ಎಷ್ಟು. ಎರಡನ್ನೂ ಗುಣಿಸಿ ಕೆಂಪು, ಹಳದಿ, ಹಸಿರು ಬಣ್ಣ ಹಚ್ಚಬೇಕು. ‘ಕಾರ್ಮಿಕನ ಸಾವು’ ಎಂಬ ಸಾಲಿನ ಮುಂದೆ ಅವರಿಗೆ ಅಂಕಿ ಬರೆಯಲು ಆಗಲಿಲ್ಲ. ಖಾಲಿ ಬಿಟ್ಟು ಎದ್ದು ಬಂದರು. ಮೀರ್‌ಗುಲ್ ಅವರನ್ನು ಮೊಗಸಾಲೆಯಲ್ಲಿ ನಿಲ್ಲಿಸಿ, “ಆ ಅಂಕಿ ಭವಿಷ್ಯ ಅಲ್ಲ ಅಕ್ಕ, ಮನುಷ್ಯನ ಬೆಲೇನೂ ಅಲ್ಲ. ನಾಳೆ ಬೆಳಿಗ್ಗೆ ಎದ್ದು ಮೊದಲು ಯಾವ ಕಡೆ ನಡೀಬೇಕು ಅಂತ ತಿಳಿಯೋಕೆ, ಅಷ್ಟೇ,” ಎಂದರು. ಎರಡನೆಯ ಸಲ ಉಮ್ಸುನಾಯ್ ಬರೆದರು. ಪಾಸಾದರು. ಪೆಟ್ಟು: ಐದಕ್ಕೆ ಐದು.

ಊರಿಗೆ ಬಂದವರು ಊಟದ ಕೋಣೆಯ ಗೋಡೆಗೆ ಅಪಾಯಗಳ ಪಟ್ಟಿ ಅಂಟಿಸಿದರು. ಪಕ್ಕದಲ್ಲಿ ಒಂದು ಪೆಟ್ಟಿಗೆ. ಯಾರಿಗೆ ಯಾವ ಅಪಾಯ ಕಂಡರೂ ಹೆಸರು ಹಾಕದೆ ಚೀಟಿ ಬರೆದು ಹಾಕಬಹುದು. ಹಾಲಿನ ಟ್ಯಾಂಕರ್ ಓಡಿಸುವ ಎರ್ಮೆಕ್ ಎಲ್ಲರಿಗೂ ಕೇಳುವಂತೆ, “ನಮ್ಮಕ್ಕ ಹೆದರಿಕೆ ಅಂಗಡಿ ಇಟ್ಟಿದ್ದಾರೆ, ಬನ್ರಪ್ಪೋ!” ಎಂದು ಕೂಗಿದ. ತಿಂಗಳ ಕೊನೆಗೆ ಪೆಟ್ಟಿಗೆ ತೆರೆದರೆ ಸೂರ್ಯಕಾಂತಿ ಬೀಜದ ಸಿಪ್ಪೆ, ಜೊತೆಗೆ ಒಂದೇ ಒಂದು ಚೀಟಿ. ಅದರಲ್ಲಿ ‘ಅತಿ ದೊಡ್ಡ ಅಪಾಯ: ನನ್ನ ಅತ್ತೆ’ ಎಂದಿತ್ತು.

ಜನ ಯಾಕೆ ಹೇಳುತ್ತಿಲ್ಲ ಎಂದು ಉಮ್ಸುನಾಯ್ ಬಹಳ ದಿನ ಯೋಚಿಸಿದರು. ತಾನೇ ಹೇಳಿಲ್ಲವಲ್ಲ ಎಂದು ಕೊನೆಗೆ ಹೊಳೆಯಿತು.

ಒಂದು ಗುರುವಾರ ಅವರು ಸತಿಬಾಲ್ದಿಯ ಮನೆಗೆ ಹೋದರು. ಅವನ ಹೆಂಡತಿ ಜಿಲ್ದಿಜ್‌ಕಾನ್ ತೀರಿಹೋದವನ ಹೆಸರಿನಲ್ಲಿ ಎಣ್ಣೆಯಲ್ಲಿ ರೊಟ್ಟಿ ಕರಿಯುತ್ತಿದ್ದಳು. ಉಮ್ಸುನಾಯ್ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದರು. ಮಂಗಳವಾರ, ಬಾಗಿಲು, ಕೈಯಲ್ಲಿದ್ದ ಟೋಪಿ, ‘ನಾಳೆ ಹೇಳಿ’ ಎಂದ ಮಾತು. ಜಿಲ್ದಿಜ್‌ಕಾನ್ ಬಾಣಲೆಯಿಂದ ರೊಟ್ಟಿ ತೆಗೆದು ತಟ್ಟೆಗೆ ಹಾಕಿದಳು. ಚಹಾ ಬಗ್ಗಿಸಿದಳು. ಆಮೇಲೆ ಹೇಳಿದಳು:

“ನಂಗೊತ್ತಿತ್ತು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಹೇಳ್ದ. ‘ವಾಲ್ವ್ ವಿಷಯ ಹೇಳೋಕೆ ಹೋಗಿದ್ದೆ, ಮೇಡಂಗೆ ಕೆಲಸ ಇತ್ತು’ ಅಂದ.”

“ಇಷ್ಟು ವರ್ಷ ಯಾರಿಗೂ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನಿನ್ನ ಕೆಲಸ ಹೋಗ್ತಿತ್ತು, ಇನ್ಯಾರೋ ಬರ್ತಿದ್ರು. ಕೇಳದೆ ಇದ್ರೆ ಏನಾಗುತ್ತೆ ಅಂತ ಅವರಿಗೆ ತಿಳೀತಿತ್ತಾ? ನೀನು ಬರ್ತೀಯ ಅಂತ ಕಾಯ್ತಿದ್ದೆ. ಬಹಳ ತಡವಾಗಿ ಬಂದೆ.”

ಚಹಾ ಕುಡಿದು ಹೋಗು ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ಉಮ್ಸುನಾಯ್ ಕೇಳಲೂ ಇಲ್ಲ.

ಮಾರನೆಯ ದಿನ ಊಟದ ಹೊತ್ತಿಗೆ ಅರವತ್ತಕ್ಕೂ ಹೆಚ್ಚು ಜನರೆದುರು ಅದೇ ಮಾತನ್ನು ಮತ್ತೆ ಹೇಳಿದರು. ಅಧ್ಯಕ್ಷ ಓಮುರ್ಜಾಕ್ ಆಮೇಲೆ ಕಚೇರಿಗೆ ಬಂದು, “ಮುಗಿದುಹೋದ ವಿಷಯ ಯಾಕಮ್ಮ ಕೆದಕ್ತೀಯ? ನಿನ್ನ ಮರ್ಯಾದೆ ನೀನೇ ಕಳ್ಕೊಂಡೆ,” ಎಂದು ಸಿಡುಕಿದರು. ಆದರೆ ಸಂಜೆ ಪಾಳಿ ಮುಗಿಯುವ ಮೊದಲು ಪ್ಯಾಕಿಂಗ್ ವಿಭಾಗದ ಒಬ್ಬಳು ಬಂದಳು. ಕ್ರೇಟುಗಳನ್ನು ಹಿಂದಿನ ಬಾಗಿಲಿಗೆ ಪೇರಿಸಿದ್ದು ತಾನು ಎಂದಳು. ಬಹಳ ಹೊತ್ತು ಅತ್ತಳು. ಇಲ್ಲಿ ಏನನ್ನೂ ಇಡಬಾರದೆಂದು ಇಬ್ಬರೂ ಸೇರಿ ಹಿಂದಿನ ಬಾಗಿಲಿನ ಮುಂದೆ ಕೆಂಪು ಗೆರೆ ಎಳೆದರು. ಪಟ್ಟಿಯ ನಿಜವಾದ ಮೊದಲ ಸಾಲು ಅದು. ಈಗ ಇನ್ನೂರ ಎಂಬತ್ತು ಸಾಲು ದಾಟಿದೆ. ಒಂದೊಂದರ ಮುಂದೆಯೂ ಅದನ್ನು ನೋಡಿಕೊಳ್ಳುವ ಒಬ್ಬರ ಹೆಸರಿದೆ. ‘ಎಲ್ಲರೂ’ ಎಂದು ಬರೆಯಲು ಉಮ್ಸುನಾಯ್ ಬಿಡುವುದಿಲ್ಲ. “ಎಲ್ಲರೂ ಅಂದ್ರೆ ಯಾರೂ ಅಲ್ಲ,” ಎನ್ನುತ್ತಾರೆ.

ಈ ಕೆಲಸಕ್ಕೆ ಚಪ್ಪಾಳೆ ಸಿಗುವುದಿಲ್ಲ. ಕಳೆದ ಜೂನ್‌ನಲ್ಲಿ ಎರ್ಮೆಕ್, ಅದೇ ‘ಹೆದರಿಕೆ ಅಂಗಡಿ’ಯ ಮಾತಿನವನು, ಟ್ಯಾಂಕರ್ ನಿಲ್ಲಿಸಿ ಬಂದ.

“ಅಕ್ಕ, ನಗಬೇಡಿ. ಹೊಳೆ ಸೇತುವೆ ಮೇಲೆ ಗಾಡಿ ಹೋಗುವಾಗ ಸದ್ದು ಬೇರೆ ಥರ ಬರ್ತಿದೆ.”

“ಎಷ್ಟು ದಿನದಿಂದ?”

“ಮೂರು ದಿನ. ಮೊದಲ ದಿನ ನನ್ನ ಕಿವಿ ಕೆಟ್ಟಿದೆ ಅಂದ್ಕೊಂಡೆ.”

ಅಂದೇ ಉಮ್ಸುನಾಯ್ ಟ್ಯಾಂಕರುಗಳಿಗೆ ಸೇತುವೆ ಬಿಡಿಸಿ ನಲವತ್ತು ಕಿಲೋಮೀಟರ್ ಸುತ್ತಿನ ದಾರಿ ಹಿಡಿಸಿದರು. ಹತ್ತೊಂಬತ್ತು ದಿನ. ಬಿಸಿಲಿಗೆ ಮೂರು ಹಳ್ಳಿಗಳ ಹಾಲು ಎರಡು ಸಲ ಒಡೆಯಿತು. ಹಳ್ಳಿಯವರು ಗೇಟಿಗೆ ಬಂದು ಕೂಗಾಡಿದರು. ಒಬ್ಬ ಮುದುಕಿ ಒಡೆದ ಹಾಲಿನ ಬಕೆಟ್ ತಂದು ಕಚೇರಿಯ ಮೆಟ್ಟಿಲ ಮೇಲೆ ಸುರಿದು ಹೋದಳು. ಸಂಘದ ಸಭೆಯಲ್ಲಿ ಓಮುರ್ಜಾಕ್ ಮೇಜು ಕುಟ್ಟಿದರು: “ಸೇತುವೆ ಬಿತ್ತಾ? ಬೀಳ್ಲಿಲ್ಲವಲ್ಲ! ಜನಕ್ಕೆ ಏನು ಹೇಳ್ಲಿ?” ಉಮ್ಸುನಾಯ್ ಅವರನ್ನು ಇಳಿಸಬೇಕೆಂಬ ಮಾತೂ ಬಂತು. ಎರಡು ಮತಗಳಿಂದ ಉಳಿದುಕೊಂಡರು. ಕೊನೆಗೆ ಎಂಜಿನಿಯರುಗಳು ಬಂದು ಎರಡು ತೊಲೆ ಬದಲಿಸಿದರು. ಬದಲಿಸದಿದ್ದರೆ ಬೀಳುತ್ತಿತ್ತೇ ಎಂದರೆ ಅವರೂ ಹೆಗಲು ಕುಣಿಸಿದರು.

“ನಾನು ಮಾಡಿದ್ದು ಸರಿಯೋ ತಪ್ಪೋ ನನಗೂ ಗೊತ್ತಿಲ್ಲ,” ಎನ್ನುತ್ತಾರೆ ಉಮ್ಸುನಾಯ್. “ಮೆಟ್ಟಿಲ ಮೇಲಿನ ಹಾಲು ನಾನೇ ಒರೆಸ್ದೆ. ಆ ಅಜ್ಜಿಗೆ ಸಿಟ್ಟು ಬಂದದ್ದು ನ್ಯಾಯ. ಆಗದೇ ಇದ್ದದ್ದಕ್ಕೆ ಸಾಕ್ಷಿ ಎಲ್ಲಿಂದ ತರ್ಲಿ? ಆದ್ರೆ ಎರ್ಮೆಕ್ ಬಂದು ಹೇಳ್ದ ನೋಡಿ, ಅದಕ್ಕೆ ನಾನು ‘ನಾಳೆ’ ಅನ್ನೋ ಹಾಗಿರ್ಲಿಲ್ಲ.”

ಸೆಪ್ಟೆಂಬರಿನ ಮೊದಲ ವಾರ, ಕೆಲಸ ಶುರುವಾಗುವ ಹೊತ್ತಿಗೆ ಗೇಟಿನಲ್ಲಿ ಜಿಲ್ದಿಜ್‌ಕಾನ್ ಕಾಣಿಸಿಕೊಂಡಳು. ಗಂಡನ ಹೆಣ ಒಯ್ದ ದಿನದಿಂದ ಅವಳು ಈ ಗೇಟಿನ ಹತ್ತಿರ ಸುಳಿದಿರಲಿಲ್ಲ. ಜೊತೆಯಲ್ಲಿ ಮಗಳು ಬೆಗಿಮಾಯ್, ಇಪ್ಪತ್ತೊಂದರ ಹುಡುಗಿ, ಹಾಲು ಪರೀಕ್ಷೆಯ ಡಿಪ್ಲೊಮಾ ಮುಗಿಸಿದವಳು. ಪ್ರಯೋಗಾಲಯದಲ್ಲಿ ಕೆಲಸ ಖಾಲಿ ಇರುವುದು ಊರಿಗೆಲ್ಲ ಗೊತ್ತಿತ್ತು. ಅವಳು ಅರ್ಜಿ ಹಾಕುತ್ತಾಳೆಂದು ಮಾತ್ರ ಯಾರೂ ಎಣಿಸಿರಲಿಲ್ಲ.

“ಮೊದಲು ಆ ಕೋಣೆ ತೋರ್ಸು,” ಎಂದಳು ತಾಯಿ.

ಉಮ್ಸುನಾಯ್ ಕರೆದುಕೊಂಡು ಹೋದರು. ಅಮೋನಿಯಾ ಯಂತ್ರದ ಮುಂದೆ ಕುಬಾತ್ ಎಂಬಾತ ಕೆಲಸದಲ್ಲಿದ್ದ. ಜಿಲ್ದಿಜ್‌ಕಾನ್ ಗೋಡೆ, ಕೊಳವೆ, ಹೊಸ ವಾಲ್ವ್, ಮೊಳೆಗೆ ನೇತುಹಾಕಿದ್ದ ವಿಷಗಾಳಿ ತಡೆಯುವ ಮುಖವಾಡ ಎಲ್ಲವನ್ನೂ ನಿಧಾನವಾಗಿ ನೋಡಿದಳು. ಕುಬಾತ್‌ನನ್ನು ಕೇಳಿದಳು:

“ಏನಪ್ಪಾ, ಇಲ್ಲಿ ಏನಾದ್ರೂ ಕೆಟ್ಟರೆ ಯಾರಿಗೆ ಹೇಳ್ತೀಯ?”

ಪಕ್ಕದಲ್ಲೇ ಮ್ಯಾನೇಜರ್ ನಿಂತಿದ್ದರೂ ಅವನು ಅಳುಕಲಿಲ್ಲ. “ಇವರಿಗೇ. ಮೊನ್ನೆ ಪ್ರೆಷರ್ ಮೀಟರ್ ತಪ್ಪು ತೋರಿಸ್ತಿದೆ ಅಂದೆ. ಊಟ ಬಿಟ್ಟು ಬಂದ್ರು. ಇನ್ನೂ ಮುಂಚೆ ಯಾಕೆ ಹೇಳ್ಲಿಲ್ಲ ಅಂತ ಚೆನ್ನಾಗಿ ಬೈದ್ರು.”

ಜಿಲ್ದಿಜ್‌ಕಾನ್ ಅಂಗೈ ತೆರೆದು ಒಂದು ಪ್ರಾರ್ಥನೆ ಹೇಳಿ ಮುಖ ಸವರಿಕೊಂಡಳು. ಹೊರಗೆ ಬಂದಮೇಲೆ ಮಗಳ ಶಾಲನ್ನು ಸರಿಪಡಿಸಿ, ಉಮ್ಸುನಾಯ್ ಕಡೆ ತಿರುಗಿ ಹೇಳಿದಳು: “ಇವಳನ್ನ ಬಿಟ್ಟು ಹೋಗ್ತಿದ್ದೀನಿ. ಸಂಜೆ ಮನೆಗೆ ಕಳಿಸ್ಕೊಡು.”

ಈಗ ಜನವರಿ. ಬರುವ ವರ್ಷ ಉಮ್ಸುನಾಯ್ ನಿವೃತ್ತರಾಗುತ್ತಾರೆ. ಸನ್ಮಾನ ಬೇಡವಂತೆ. ಬೆಳಗಿನ ಪ್ರಶ್ನೆಯನ್ನು ಕೇಳಲು ಒಬ್ಬರು ಸಿಕ್ಕರೆ ಸಾಕಂತೆ. ಅದಕ್ಕೆ ಕ್ಯಾನು ತೊಳೆಯುವ ಬಾತ್ಮಾಳನ್ನು ತಯಾರು ಮಾಡುತ್ತಿದ್ದಾರೆ. ಇಷ್ಟು ವರ್ಷದ ದುಡಿಮೆಯಲ್ಲಿ ಹೆಮ್ಮೆ ಪಡುವಂಥದ್ದು ಏನಾದರೂ ಇದೆಯೇ ಎಂದು ಕೇಳಿದರೆ ಅವರು ಅಂಗಳದಾಚೆ ಕೈ ತೋರಿಸುತ್ತಾರೆ. ಪ್ರಯೋಗಾಲಯದ ಕಿಟಕಿಯಲ್ಲಿ ಬಿಳಿ ಕೋಟಿನ ಬೆಗಿಮಾಯ್ ಗಾಜಿನ ನಳಿಕೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾಳೆ.

“ಆ ಹುಡುಗಿ ಇಲ್ಲೀವರೆಗೆ ಕೆಲಸಕ್ಕೆ ಬಂದದ್ದು ನೂರಾ ಹದಿಮೂರು ದಿನ,” ಎನ್ನುತ್ತಾರೆ ಉಮ್ಸುನಾಯ್. “ನೂರಾ ಹದಿಮೂರು ಸಂಜೆನೂ ಮನೆಗೆ ಹೋಗಿದ್ದಾಳೆ.”