ಬಾಗಿಲಲ್ಲಿ ಕಾಣದ ಚಪ್ಪಲಿ

ಕಳೆದ ವರ್ಷದ ಮಾತು. ನಮ್ಮ ಯಜಮಾನರ ವರ್ಷದ ತಿಥಿಗೆ ಇನ್ನೂ ಎರಡು ತಿಂಗಳಿತ್ತು. ಅವರು ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ತುಮಕೂರಿನ ಕಚೇರಿಯೊಂದರಲ್ಲಿ ನನಗೆ ಕೆಲಸ ಸಿಕ್ಕಿತ್ತು. ಆದರೆ ಕಂಪ್ಯೂಟರ್ ಪರೀಕ್ಷೆ ಪಾಸಾದರೆ ಮಾತ್ರ ಅದು ಕಾಯಂ. ಆಗಲೇ ಒಂದು ಸಲ ಫೇಲಾಗಿದ್ದೆ.

ಗುಬ್ಬಿಯ ಮನೆಯಲ್ಲಿ ಇದ್ದದ್ದು ನಾನು ಮತ್ತು ನಮ್ಮತ್ತೆ, ಇಬ್ಬರೇ. ಸಂಜೆ ರೈಲಿಳಿದು ಬಂದು, ಕಾಫಿ ಕುಡಿದು, ಹಿಂದಿನ ಕೋಣೆಯಲ್ಲಿ ಯಜಮಾನರ ಹಳೆಯ ಲ್ಯಾಪ್‌ಟಾಪ್ ತೆರೆಯುತ್ತಿದ್ದೆ. ಅಷ್ಟರಲ್ಲಿ ಯಾರಾದರೂ ಮಾತಾಡಿಸಲು ಬರುತ್ತಿದ್ದರು. ಸಾವಿನ ಮನೆಗೆ ಬಂದವರನ್ನು ಬೇಗ ಹೊರಡಿ ಅನ್ನಲಾಗುತ್ತದೆಯೇ? ಹೇಗಾಯಿತು, ಆಸ್ಪತ್ರೆಗೆ ಎಷ್ಟು ಹೊತ್ತಿಗೆ ಹೋದಿರಿ ಎಂದು ಕೇಳುತ್ತಿದ್ದರು. ನಾನು ಮೊದಲಿಂದ ಹೇಳುತ್ತಿದ್ದೆ, ಅತ್ತೆ ಅಳುತ್ತಿದ್ದರು. ಬಂದವರು ಹೋದ ಮೇಲೆ ನೆಂಟರ ಫೋನು. ಫೋನಿಟ್ಟ ಮೇಲೆ ಕಣ್ಣು ಪರದೆಯ ಮೇಲಿದ್ದರೂ ಒಂದು ಸಾಲೂ ತಲೆಗೆ ಹೋಗುತ್ತಿರಲಿಲ್ಲ.

ಪರೀಕ್ಷೆಗೆ ಒಂದು ತಿಂಗಳಿರುವಾಗ ಜನ ಬರುವುದು ಇದ್ದಕ್ಕಿದ್ದಂತೆ ನಿಂತಿತು. ನನಗೆ ಸಮಾಧಾನವಾಗಬೇಕಿತ್ತು, ಅನುಮಾನವಾಯಿತು. ಅದಕ್ಕೆ ಕಾರಣ ನನ್ನ ಚಪ್ಪಲಿ. ಸಂಜೆ ಬಾಗಿಲಲ್ಲಿ ಬಿಟ್ಟದ್ದು ಬೆಳಿಗ್ಗೆ ಒಳಗೆ ಬಚ್ಚಲ ಪಕ್ಕ ಇರುತ್ತಿತ್ತು. ಹೊಸಿಲೊಳಗೆ ಚಪ್ಪಲಿ ಬಂದರೆ ರೇಗುವ ಅತ್ತೆಯೇ ಅದನ್ನು ತಂದಿಡುತ್ತಿದ್ದರು. ಕೇಳಿದರೆ ನಾಯಿ ಕಚ್ಚಿಕೊಂಡು ಹೋಗುತ್ತದೆ ಎಂದರು. ಅವರ ಚಪ್ಪಲಿ ಮಾತ್ರ ಹೊರಗೇ ಇರುತ್ತಿತ್ತು.

ಇನ್ನೊಂದು ದಿನ ಅವರು ಕುಣಿಗಲ್‌ನಲ್ಲಿರುವ ನನ್ನ ಮೈದುನ ಮಂಜನೊಂದಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡುತ್ತಿದ್ದರು. "ಈಗ್ಲೇ ಬೇಡ ಕಣ್ಲಾ. ಅವಳ ಪರೀಕ್ಷೆ ಮುಗೀಲಿ, ಆಮೇಲೆ ನೋಡಾನ" ಎಂದದ್ದು ಕೇಳಿಸಿತು. ಈ ಕೆಲಸ ಮಂಜನಿಗೆ ಸಿಗಬೇಕಿತ್ತು ಎಂದು ನೆಂಟರು ಆಡಿಕೊಂಡದ್ದು ನನಗೆ ಗೊತ್ತಿತ್ತು. ಅಂದಿನಿಂದ ಅತ್ತೆಯೊಂದಿಗೆ ಊಟ ತಿಂಡಿಗಷ್ಟೇ ಮಾತು.

ಒಂದು ಬೆಳಿಗ್ಗೆ ರೈಲಿನಲ್ಲಿ ನಮ್ಮ ಬೀದಿಯ ಹೆಂಗಸೊಬ್ಬರು, "ಸಾಯಂಕಾಲ ಆದ್ರೆ ನೀನು ಮನೇಲೇ ಇರಲ್ವಂತೆ? ನಿಮ್ಮತ್ತೇನೇ ಅಂದ್ರು" ಎಂದು ನಕ್ಕರು. ಗಂಡ ಸತ್ತು ವರ್ಷ ತುಂಬದವಳ ಬಗ್ಗೆ ಹೀಗೆ ಅಂದರೆ ಏನರ್ಥ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ತುಮಕೂರು ದಾಟಿ ಕ್ಯಾತ್ಸಂದ್ರದಲ್ಲಿ ಇಳಿಯುವ ಕಾಲೇಜು ಹುಡುಗಿಯರ ಗಲಾಟೆಯೂ ನನಗೆ ಕೇಳಿಸಲಿಲ್ಲ. ನನ್ನ ಹೆಸರು ಕೆಡಿಸಿ ಕೆಲಸ ಬಿಡಿಸುವ ಯೋಚನೆ ಇವರದು ಎಂದು ನಿಶ್ಚಯ ಮಾಡಿಕೊಂಡೆ.

ಆ ಸಂಜೆ ಓದು ಬಿಟ್ಟು ಬಾಗಿಲ ಪರದೆಯ ಹಿಂದೆ ನಿಂತೆ. ಎದುರು ಮನೆಯ ಸಾವಿತ್ರಮ್ಮ ಬಂದರು. "ಅವಳಿನ್ನೂ ಬಂದಿಲ್ಲ ಕಣವ್ವ" ಎಂದರು ಅತ್ತೆ. ನಾನು ನೇರವಾಗಿ ಹೊರಗೆ ಬಂದೆ.

ಸಾವಿತ್ರಮ್ಮ ನಮ್ಮಿಬ್ಬರನ್ನೂ ನೋಡಿ, "ಮನೇಲಿಲ್ಲದೋರು ಒಳಗಿಂದ ಬಂದ್ರಲ್ಲವ್ವ" ಎಂದು ಹೊರಟುಹೋದರು.

"ಯಾಕತ್ತೆ ಹಿಂಗ್ ಮಾಡಿದ್ರಿ?" ಎಂದೆ.

ಅತ್ತೆ ಬಾಗಿಲು ಮುಂದಕ್ಕೆ ಎಳೆದರು. "ಓದ್ತಾವ್ಳೆ ಅಂದ್ರೆ ಯಾರವ್ವ ಕೇಳ್ತಾರೆ? ಒಂದೇ ನಿಮಿಷ ಮಾತಾಡ್ಸಿ ಹೋಯ್ತೀವಿ ಅಂತ ಒಳಿಕ್ಕೇ ಬತ್ತಾರೆ. ಮನೇಲಿಲ್ಲ ಅಂದ್ರೆ ಬಾಗಿಲಲ್ಲಿ ಚಪ್ಪಲಿ ನೋಡ್ತಾರೆ."

"ಎಲ್ಲಿಗೆ ಹೋಗಿದಾಳೆ ಅಂತ ಕೇಳಲಿಲ್ವಾ?"

"ಕೇಳಿದ್ರು. ನಂಗೇನ್ ಗೊತ್ತು ಅಂದೆ. ಒಂದ್ ಸುಳ್ಳೇ ಸಾಕಲ್ವಾ."

ರೈಲಿನ ಮಾತು ಹೇಳಿದಾಗ ಅವರ ಮುಖ ಸಣ್ಣಗಾಯಿತು. ಅದನ್ನವರು ಯೋಚಿಸಿಯೇ ಇರಲಿಲ್ಲ. ಮಂಜ ಹೆಂಡತಿ ಮಕ್ಕಳೊಂದಿಗೆ ನಾಲ್ಕು ದಿನ ಇದ್ದು ಹೋಗಲು ಬರುತ್ತೇನೆ ಎಂದಿದ್ದನಂತೆ, ಅವನನ್ನೂ ತಡೆದಿದ್ದರು. ಮಾರನೆಯ ದಿನ ತಾವೇ ಮನೆಮನೆಗೆ ಹೋಗಿ, ತಾವು ಹೇಳಿದ್ದು ಸುಳ್ಳು, ಹುಡುಗಿ ಮನೆಯಲ್ಲೇ ಓದುತ್ತಿದ್ದಳು ಎಂದು ಹೇಳಿ ಬಂದರು. ಕೆಲವರು ನಂಬಿದರು, ಕೆಲವರು ಇಲ್ಲ.

ನಾನು ಪಾಸಾದೆ. ಅದಾದ ಮೇಲೆ ಒಂದು ಭಾನುವಾರ ಬೀದಿಯ ಹೆಂಗಸರು ಮತ್ತೆ ಬಂದರು. ಅತ್ತೆ ನಡುಮನೆಯಲ್ಲಿ ಕೂತು ತೀರಿಕೊಂಡ ಮಗನ ಸುದ್ದಿ ಶುರು ಮಾಡಿದರು. ಹಾಲು ಬಿಡಿಸಿದ್ದು, ಸೈಕಲ್ ಕಲಿಯಲು ಹೋಗಿ ಕೆರೆ ಏರಿಯಿಂದ ಉರುಳಿದ್ದು, ಮೊದಲ ಸಂಬಳದಲ್ಲಿ ಸೀರೆ ತಂದದ್ದು. ಹೇಳಿದರು, ಅತ್ತರು, ಮತ್ತೆ ಹೇಳಿದರು. ಅರ್ಧ ನನಗೇ ಗೊತ್ತಿರಲಿಲ್ಲ.

ಯಾರ ಮುಂದೆ ಅಳಬಹುದಿತ್ತೋ ಅವರನ್ನೆಲ್ಲ ಪರೀಕ್ಷೆಯ ಆ ತಿಂಗಳು ಅತ್ತೆಯೇ ಬಾಗಿಲಿಂದ ಕಳಿಸಿದ್ದರು. ಮಗನ ಹೆಸರೆತ್ತಲು ಅವರಿಗೆ ಉಳಿದಿದ್ದವಳು ನಾನೊಬ್ಬಳೇ. ನಾನು ಅವರೊಂದಿಗೆ ಮಾತೇ ಬಿಟ್ಟಿದ್ದೆ.